ಅಪ್‌ಡೇಟ್: ಎರಡು ದಿನದ ಸಿಟಿ ಟ್ರಿಪ್ ಮುಗಿಸಿ ಬಂದೆವು

ಎರಡು ದಿನದಲ್ಲಿ ನಾಲ್ಕು ಮ್ಯೂಸಿಯಂ, ಆರೇಳು ನೋಡುವ ಜಾಗ, ಜೊತೆಗೆ ಒಳ್ಳೆ ಊಟ, ಎಲ್ಲ ಹೇಗೆ ಹೊಂದಿಸೋದು ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. "ಅರ್ಧ ಪಟ್ಟಿ ಹರಿದು ಹಾಕಿ" ಅಂದಿದ್ದಿರಿ. ಆಗ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಹರಿದು ಹಾಕಿದೆ.

ಜಾಸ್ತಿ ಉಪಯೋಗವಾಗಿದ್ದು ವಾರದ ರಜೆ ನೋಡಿಕೊಳ್ಳಿ ಅಂದ ಮಾತು. ಬಹಳ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಹಾಗಂತ ಎಲ್ಲ ಕಡೆ ಹಾಗಲ್ಲ: ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ, ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ರಜೆ. ಸೋಮವಾರಕ್ಕೆ ಇಟ್ಟಿದ್ದನ್ನು ನಾವು ಭಾನುವಾರ ಬೆಳಿಗ್ಗೆಗೆ ತಂದೆವು. ಬಾಗಿಲು ತೆರೆಯುವಾಗಲೇ ಹೋಗಿದ್ದರಿಂದ ಮೊದಲ ಮುಕ್ಕಾಲು ಗಂಟೆ ಕೋಣೆಗಳೆಲ್ಲ ಖಾಲಿ. ಒಂದು ಹಳೇ ನಕ್ಷೆಯ ಮುಂದೆ ನಿಂತು ನಮ್ಮನೆಯವರು ಗಾಜಿನ ಮೇಲೆ ಬೆರಳಿಟ್ಟು ನದಿಯ ದಾರಿ ಹಿಡಿದರು. ಹಿಂದಿನಿಂದ ಕಾವಲಿನವರ ಕೆಮ್ಮು!

ಎಡವಿದ್ದು ಊಟದಲ್ಲಿ. ಹೆಸರುವಾಸಿ ಹೋಟೆಲ್ ಅಂತ ಊರಿನ ಆ ತುದಿಗೆ ಹೋದರೆ, ಮಧ್ಯಾಹ್ನ 3ಕ್ಕೇ ಅಡುಗೆಮನೆ ಬಂದ್. ಹಸಿವಿನಲ್ಲಿ ಜಗಳ ಬೇರೆ. ಮರುದಿನ ಮೊದಲು ಊಟದ ಜಾಗ ಗೊತ್ತು ಮಾಡಿ, ಅಲ್ಲಿಂದ ನಡೆದು ಹೋಗುವಷ್ಟು ದೂರದ ಎರಡೇ ಜಾಗ ಇಟ್ಟುಕೊಂಡೆವು. ಆರಾಮಾಯ್ತು.

ಸಿಟಿ ಪಾಸ್, ಅಂದರೆ ಊರಿನ ಹಲವು ಜಾಗಗಳಿಗೆ ಸೇರಿಸಿ ಕೊಡುವ ಒಂದೇ ಟಿಕೆಟ್, ತಗೊಳ್ಳಲಿಲ್ಲ. ದಿನಕ್ಕೆ ಮೂರು ಜಾಗ ನೋಡಿದರೆ ಮಾತ್ರ ಗಿಟ್ಟುತ್ತಿತ್ತು, ನಮ್ಮ ಕಾಲು ಕೇಳಬೇಕಲ್ವಾ? ಬಿಟ್ಟ ಎರಡು ಮ್ಯೂಸಿಯಂ ಹೆಸರು ಫೋನಿನಲ್ಲಿ ಹಾಗೇ ಇದೆ.