ಪಡುಬಿದ್ರಿಯಲ್ಲಿ ಕಂಡ ಪ್ಯೂಜೊ 309

ಮಲ್ಪೆಯವರು: ಭಾನುವಾರ ಹೆದ್ದಾರಿ 66ರಲ್ಲಿ, ಪಡುಬಿದ್ರಿಯ ಬಳಿ, ಮೂತಿಯ ಮೇಲೆ ಸಿಂಹದ ಲಾಂಛನವಿದ್ದ ಹಳೆಯ ಪ್ಯೂಜೊ 309 ಕಂಡೆ. ಅಂಥದ್ದೇ ಡೀಸೆಲ್ ಕಾರೊಂದು ಇಲ್ಲಿ ಮಾರಾಟಕ್ಕಿದೆ; ದಿನನಿತ್ಯ ಮಂಗಳೂರಿಗೆ ಹೋಗಿಬರಲು ಅದನ್ನು ನಂಬಬಹುದೇ?

ಸುರತ್ಕಲ್‌ನವರು: ಎಂಜಿನ್ನಿಗೆ ಅಂಜಬೇಡಿ. ಅದೇ 1,527 ಸಿಸಿ ಎಂಜಿನ್ ಮಾರುತಿಯ ಎಸ್ಟೀಮ್ ಮತ್ತು ಝೆನ್ ಡೀಸೆಲ್‌ಗಳಲ್ಲೂ ಬಂದುದರಿಂದ, ಆ ಕೆಲಸ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಸಿಕ್ಕಾರು. ಆದರೆ 309ರ ತಯಾರಿಕೆ ಇಲ್ಲಿ 1990ರ ದಶಕದಲ್ಲೇ ನಿಂತುದರಿಂದ ದೀಪ, ಬಂಪರ್, ಗಾಜುಗಳಿಗೆ ಪರದಾಡಬೇಕಾಗುತ್ತದೆ.

ಕಾಪುವಿನವರು: ನಾನಾದರೆ ಮೊದಲು ತುಕ್ಕು ನೋಡುತ್ತೇನೆ. ನಮ್ಮ ಉಪ್ಪುಗಾಳಿಗೆ ಬಾಗಿಲಿನ ಕೆಳಅಂಚೂ ಕಾಲಡಿಯ ತಗಡೂ ಸದ್ದಿಲ್ಲದೆ ಕರಗಿರುತ್ತವೆ. ಮ್ಯಾಟ್ ಎತ್ತಿಸಿ ನೋಡಿ. 15 ವರ್ಷ ದಾಟಿದ ಕಾರಾದ್ದರಿಂದ ನೋಂದಣಿಯ ನವೀಕರಣವನ್ನೂ ಪರಿಶೀಲಿಸಿ.

ಮಲ್ಪೆಯವರು: ಮ್ಯಾಟ್ ಎತ್ತಿಸಿದೆ. ಕೆಳಗಿನ ಅಂಗಳ ಕಾಣಿಸಿತು.