‘ಚಾನೆಲ್ ಎಸ್ಟಿಮೇಶನ್’, ‘ಪೈಲಟ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹತ್ತಾರು ಆಂಟೆನಾ ಇರುವ 5ಜಿ ಟವರುಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಈ ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ.

ಫೋನಿನಿಂದ ಹೊರಟ ಅಲೆ ಗೋಡೆಗೆ, ಬಸ್ಸಿಗೆ ಬಡಿದು ಹಲವು ದಾರಿಗಳಲ್ಲಿ ಟವರ್ ಸೇರುತ್ತದೆ. ನಡುವೆ ಅದಕ್ಕೆ ಏನೇನಾಯಿತು ಅನ್ನುವುದೇ ಇಲ್ಲಿ ‘ಚಾನೆಲ್’. ಅದನ್ನು ತಿಳಿಯಲು, ಎರಡೂ ಕಡೆಗೆ ಮೊದಲೇ ಗೊತ್ತಿರುವ ಒಂದು ಸಂಕೇತವನ್ನು ಕಳಿಸುತ್ತಾರೆ. ಅದು ಪೈಲಟ್. ಜಾತ್ರೆಯಲ್ಲಿ ‘ಹಲೋ, ಮೈಕ್ ಟೆಸ್ಟಿಂಗ್’ ಅಂತಾರಲ್ಲ, ಹಾಗೆ. ಮಾತು ಗೊತ್ತಿರುವುದೇ. ಅದು ಹೇಗೆ ಕೇಳಿಸಿತು ಅನ್ನುವುದು ಮುಖ್ಯ.

‘ವಾಹಿನಿ’ ಅಂದರೆ ಟಿವಿ ನೆನಪಾಗುತ್ತದೆ. ಹಾಗಾಗಿ ‘ಅಲೆಹಾದಿ’ ಅಂತ ಬರೆದುಕೊಂಡಿದ್ದೇನೆ.

‘ಎಸ್ಟಿಮೇಶನ್’ಗೆ ‘ಅಂದಾಜು’ ಅಂದರೆ ಸುಮ್ನೆ ಊಹೆ ಅನ್ನಿಸುತ್ತದೆ ಎಂದು ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಮನೆ ಕಟ್ಟುವ ಮುಂಚೆ ಇಂಜಿನಿಯರ್ ಕೊಡುವ ಅಂದಾಜು ಪಟ್ಟಿಯಲ್ಲಿ ಅಳತೆಯೂ ಇದೆ, ಲೆಕ್ಕವೂ ಇದೆ. ಪದ ಬಂದದ್ದು ಪಾರ್ಸಿಯಿಂದ. ಅಲ್ಲಿ ‘ಅಂದಾಜಾ’ ಅಂದರೆ ಅಳತೆ ಅಂತಲೇ ಅರ್ಥ. ‘ಅಲೆಹಾದಿಯ ಅಂದಾಜು’ ಸರಿಹೋಗುತ್ತದೆ, ಅಲ್ವಾ?

‘ಪೈಲಟ್’ ಜಾಸ್ತಿ ಕಾಡಿತು. ಕನ್ನಡದಲ್ಲಿ ಅದು ವಿಮಾನ ಓಡಿಸುವವರ ಹೆಸರಾಗಿಬಿಟ್ಟಿದೆ. ನನಗೆ ಹೊಳೆದದ್ದು ‘ಒರೆ’. ಅಕ್ಕಸಾಲಿಗರು ಚಿನ್ನವನ್ನು ಒರೆಗೆ ಹಚ್ಚುತ್ತಾರೆ. ಗೊತ್ತಿರುವುದರ ಪಕ್ಕ ಇಟ್ಟು ಗೊತ್ತಿಲ್ಲದ್ದನ್ನು ತಿಳಿಯುವ ಕೆಲಸ ಅದು. ಪೈಲಟ್ ಮಾಡುವುದೂ ಅದನ್ನೇ. ಕತ್ತಿಯ ಒರೆ ಬೇರೆ, ಹಳಗನ್ನಡದಲ್ಲಿ ‘ನುಡಿ’ ಅನ್ನುವ ಅರ್ಥದ ಒರೆ ಬೇರೆ. ಆದರೂ ‘ಒರೆಸಂಕೇತ’ ಅಂದರೆ ಗೊಂದಲ ಆಗಲಾರದು. ಇನ್ನೊಂದು ಅನುಕೂಲವೂ ಇದೆ. ಪಕ್ಕದ ಟವರಿನ ಫೋನೂ ಅದೇ ಪೈಲಟ್ ಕಳಿಸಿದರೆ ಎರಡೂ ಬೆರೆತು ಲೆಕ್ಕ ಕೆಡುತ್ತದೆ. ಆಂಟೆನಾ ಎಷ್ಟೇ ಹೆಚ್ಚಿಸಿದರೂ ಈ ಕೆಡುಕು ಉಳಿದುಬಿಡುತ್ತದೆ ಎಂದು ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯ ಥಾಮಸ್ ಮಾರ್ಜೆಟ್ಟಾ 2010ರ ತಮ್ಮ ಲೇಖನದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಇದನ್ನು ‘ಒರೆ ಕಲಬೆರಕೆ’ ಅನ್ನಬಹುದು!

ಕೊನೆಯದು, ಇವೆರಡರ ಜೊತೆಗೇ ಬರುವ ‘ರೆಸಿಪ್ರಾಸಿಟಿ’, ಅಂದರೆ ಅಲೆ ಹೋಗುವ ಹಾದಿಯೂ ಬರುವ ಹಾದಿಯೂ ಒಂದೇ ಆಗಿರುವ ಗುಣ. ಅದು ಯಾಕೆ ಬೇಕು ಅಂತೀರಾ? ಪೈಲಟ್ ಕಳಿಸುವ ಹೊತ್ತಿನಲ್ಲಿ ಆ ಫ್ರೀಕ್ವೆನ್ಸಿಯಲ್ಲಿ ಡೇಟಾ ಕಳಿಸಲಾಗುವುದಿಲ್ಲ. 3.5 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 8.6 ಸೆಂ.ಮೀ. ಫೋನು ನಾಲ್ಕು ಬೆರಳಿನಷ್ಟು ಜರುಗಿದರೂ ಹಳೆಯ ಅಂದಾಜು ಕೆಲಸಕ್ಕೆ ಬಾರದೆ ಹೋಗಬಹುದು. ಮತ್ತೆ ಮತ್ತೆ ಕಳಿಸಬೇಕು. ಟವರಿನಲ್ಲಿ 64 ಆಂಟೆನಾ, ಎದುರಿಗೆ ಒಂದೊಂದೇ ಆಂಟೆನಾದ 10 ಫೋನು ಇವೆ ಅನ್ನಿ. ಟವರ್ ಕಳಿಸಿದರೆ 64 ಪೈಲಟ್ ಬೇಕು, ಫೋನುಗಳು ಕಳಿಸಿದರೆ 10 ಸಾಕು. ಎರಡೂ ಕಡೆಗೆ ಒಂದೇ ಫ್ರೀಕ್ವೆನ್ಸಿ ಬಳಸಿದರೆ ಹೋಗುವ ಹಾದಿಯೂ ಬರುವ ಹಾದಿಯೂ ಒಂದೇ. ಹಾಗಾಗಿ ಫೋನುಗಳ ಪೈಲಟ್‌ನಿಂದಲೇ ಟವರಿಗೆ ಎರಡೂ ಹಾದಿ ತಿಳಿಯುತ್ತದೆ. ಪೈಲಟ್‌ಗಳ ಖರ್ಚು ಉಳಿಯುವುದೇ ಈ ಗುಣದಿಂದ. ‘ಪರಸ್ಪರತೆ’ಯಲ್ಲಿ ಹಾದಿಯ ಸುಳಿವೇ ಇಲ್ಲ. ‘ಸರಿಹಾದಿತನ’ ನನ್ನ ಕಿವಿಗೇ ಒಗ್ಗುತ್ತಿಲ್ಲ. ನಿಮಗೆ ಏನಾದರೂ ಹೊಳೆಯುತ್ತದೆಯೇ?

ಹಾಗೆಯೇ, ನಿಮ್ಮ ಊರಿನ ಚಿನ್ನದ ಕೆಲಸದವರು ‘ಒರೆ’ ಅನ್ನುವ ಮಾತನ್ನು ಇನ್ನೂ ಆಡುತ್ತಾರೆಯೇ? ದಯವಿಟ್ಟು ಕೇಳಿ ತಿಳಿಸಿ.