ಎಲ್ ಅಕ್ಷರದ ಕೆಳಗೆ ಇಡುವ ಚುಕ್ಕೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನನಗೊಂದು ಪದ ಬೇಕಾಗಿದೆ.

ದಿಲ್ಲಿಯಲ್ಲಿ ಬೆಳೆದ ನಮ್ಮ ಅಣ್ಣನ ಮಗಳು ರಜೆಗೆ ಊರಿಗೆ ಬಂದಿದ್ದಳು. ಬಸ್ಸಿನಲ್ಲಿ ಕೂತು ಇಂಗ್ಲಿಷ್ ಬೋರ್ಡುಗಳನ್ನು ಜೋರಾಗಿ ಓದುತ್ತಿದ್ದಳು. ಐಹೊಳೆ ಅವಳ ಬಾಯಲ್ಲಿ 'ಐಹೋಲ್' ಆಯಿತು. ಇಳಕಲ್ 'ಇಲ್ಕಲ್' ಆಯಿತು. ನಾನು ತಿದ್ದಿದೆ. "ಮತ್ತ ಎಲ್ ಅಂತ ಯಾಕ ಬರದಾರ, ಕಾಕಾ?" ಅಂದಳು. ಅವಳದೇನು ತಪ್ಪು? ಬಾಗಲಕೋಟೆಯಲ್ಲಿ ಇರುವುದು ಲ, ಬೆಳಗಾವಿಯಲ್ಲಿ ಇರುವುದು ಳ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಎಲ್. 2014ರ ನವೆಂಬರ್ 1ಕ್ಕೆ ಬೆಳಗಾವಿಯ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತು, ಆದರೂ ಅದರೊಳಗಿನ ಳ ಕಣ್ಣಿಗೆ ಬೀಳಲಿಲ್ಲ. ಮರಾಠಿಯವರಿಗೆ ಈ ತೊಂದರೆ ಇಲ್ಲ, ಅವರಿಗೂ ಳ ಇದೆ. ಅವಳು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಇಲ್ಲ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಎಲ್ ಬರೆದು ಕೆಳಗೊಂದು ಚುಕ್ಕೆ ಇಟ್ಟು ತೋರಿಸಿದೆ. ಶಾಸನಗಳ ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಳ ಇರುವುದು ಹೀಗೇ. ಹುಲಿ ಹುಳಿ, ಕಾಲು ಕಾಳು, ಹಲ್ಲಿ ಹಳ್ಳಿ ಎಲ್ಲ ಬರೆಸಿದೆ. ಬೆಳೆಗೆ ಬೆಲೆ ಇಲ್ಲ ಅಂತ ನಮ್ಮ ಕಡೆ ದಿನಾ ಕೇಳುವ ಮಾತು. ಆ ಒಂದು ಚುಕ್ಕೆ ತೆಗೆದರೆ ಇಂಗ್ಲಿಷ್ ಅಕ್ಷರದಲ್ಲಿ ಬೆಳೆಯೂ ಬೆಲೆಯೂ ಒಂದೇ ಆಗುತ್ತವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ 'ಒಳ್ಳಿತ್ತ', 'ಪೊಲ್ಲದುಂ' ಎರಡೂ ಹತ್ತಿರ ಹತ್ತಿರ ಬರುತ್ತವೆ. ಸಾವಿರದ ಮುನ್ನೂರು ವರ್ಷದ ಹಿಂದೆ ಕಲ್ಲು ಕೊರೆದವರು ಳ್ಳ, ಲ್ಲ ಎರಡನ್ನೂ ಬೇರೆ ಬೇರೆಯಾಗಿಯೇ ಕೊರೆದಿದ್ದಾರೆ. ನಾವು ಒಂದು ಚುಕ್ಕೆ ಇಡಲಿಕ್ಕೆ ಬೇಸರ ಮಾಡಬಾರದು, ಅಲ್ವಾ?

ಆದರೆ ಚುಕ್ಕೆ ಕಂಡಲ್ಲೆಲ್ಲ ಳ ಅಂತ ಓದಲಿಕ್ಕೂ ಆಗುವುದಿಲ್ಲ. ಸಂಸ್ಕೃತವನ್ನು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಹಾಕುವವರು ಇದೇ ಚುಕ್ಕೆ ಎಲ್ ಅನ್ನು ಌ ಸ್ವರಕ್ಕೆ ಬಳಸುತ್ತಾರೆ, 'ಕ್ಲೃಪ್ತ' ಪದದಲ್ಲಿ ಬರುವ ಸ್ವರ ಅದು. ಅದೇ ಋಗ್ವೇದದ ಶುರುವಿನಲ್ಲೇ 'ಅಗ್ನಿಮೀಳೇ' ಅಂತ ಳ ಕೂಡ ಇದೆ. ಒಂದೇ ಗುರುತು ಎರಡು ಸದ್ದಿಗೆ ಬಂದರೆ ಓದುವವರು ಏನು ಮಾಡಬೇಕು? ನಮ್ಮ ದೇಶದ ಲಿಪಿಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲಿಕ್ಕೆ ಇರುವ ಅಂತರರಾಷ್ಟ್ರೀಯ ಪದ್ಧತಿ, 2001ರ ಐಎಸ್ಒ 15919, ಇದನ್ನು ಬಿಡಿಸಿತು. ಌ ಸ್ವರಕ್ಕೆ ಎಲ್ ಕೆಳಗೆ ಸಣ್ಣ ಸೊನ್ನೆ, ಳ ಅಕ್ಷರಕ್ಕೆ ಚುಕ್ಕೆ. ನನಗೆ ಇದೇ ಸರಿ ಅನಿಸುತ್ತದೆ.

ಹೊರದೇಶದಲ್ಲಿ ಈ ಅಕ್ಷರದ ಓದು ಇನ್ನೂ ಬೇರೆ. ಅಲಾಸ್ಕಾದ ಇನುಪಿಯಾಕ್ ಭಾಷೆಯಲ್ಲಿ ಇದನ್ನು ಹೆಚ್ಚುಕಡಿಮೆ 'ಲ್ಯ' ಅಂತ ಓದಬೇಕು. ಸ್ಪೇನಿನ ಆಸ್ಟೂರಿಯಾಸ್ ಸೀಮೆಯ ಪಡುವಣ ಭಾಗದಲ್ಲಿ ಎರಡು ಎಲ್ ಜೋಡಿಸಿ ಎರಡರ ಕೆಳಗೂ ಚುಕ್ಕೆ ಇಡುತ್ತಾರೆ. ಚಂದ್ರನಿಗೆ ಅಲ್ಲಿಯವರು ಹೇಳುವ ಪದ ಆ ಜೋಡಿಯಿಂದಲೇ ಶುರುವಾಗುತ್ತದೆ. ಸದ್ದು ಮಾತ್ರ ಲ ಅಲ್ಲವೇ ಅಲ್ಲ. ಊರಿಂದೂರಿಗೆ ಬದಲಾಗುತ್ತದೆ, ಒಂದು ಕಡೆ ಡ ಹತ್ತಿರ, ಇನ್ನೊಂದು ಕಡೆ ಚ ಹತ್ತಿರ. ಪೋಲಿಷ್ ಭಾಷೆಯ ಅಡ್ಡಗೀಟಿನ ಎಲ್ ಬೇರೆಯೇ ಅಕ್ಷರ, ಅದನ್ನು ಈಗ 'ವ' ಥರ ಓದುತ್ತಾರೆ. ಇದರ ಜೊತೆ ಕಲಸಿಕೊಳ್ಳಬೇಡಿ.

ಹಳಗನ್ನಡ ಓದುವವರಿಗೆ ನಿಜವಾಗಿ ಬೇಕಾದದ್ದು ಇನ್ನೊಂದು ಎಲ್, ಕೆಳಗೆ ಚುಕ್ಕೆಯ ಬದಲು ಗೆರೆ ಇರುವುದು. ಅದು ನಮ್ಮ ೞ. ಇವತ್ತಿನ ಮಳೆ ಆಗ ಮೞೆ, ಬಾಳೆ ಆಗ ಬಾೞೆ, ಏಳು ಆಗ ಏೞು. ನಮ್ಮಲ್ಲಿ ಅದು ಬಹುತೇಕ ಳ ಜೊತೆ ಕೂಡಿಹೋಯಿತು. ತಮಿಳರು, ಮಲಯಾಳಿಗಳು ಉಳಿಸಿಕೊಂಡಿದ್ದಾರೆ. 'ತಮಿಳ್' ಅನ್ನುವ ಹೆಸರಿನ ಕೊನೆಯಲ್ಲೇ ಆ ಅಕ್ಷರ ಇದೆ. ಹಾಗಾಗಿ ಹಳೆಯ ಶಾಸನದ ಪಾಠದಲ್ಲಿ ಚುಕ್ಕೆಯೋ ಗೆರೆಯೋ ಅಂತ ಕಣ್ಣಿಟ್ಟು ನೋಡಬೇಕು. ನಾನೇ ಎಷ್ಟೋ ಸಲ ಸುಮ್ನೆ ಳ ಅಂತ ಓದಿಕೊಂಡು ಮುಂದೆ ಹೋಗಿದ್ದೇನೆ, ಆಮೇಲೆ ಅರ್ಥ ಕೂಡದೆ ಹಿಂದೆ ಬಂದಿದ್ದೇನೆ.

ಈಗ ನನ್ನ ಪ್ರಶ್ನೆ. ನಮ್ಮ ತಾಲ್ಲೂಕಿನ ಊರುಗಳ ಹೆಸರನ್ನು ಎರಡೂ ಲಿಪಿಯಲ್ಲಿ ಬರೆದು ಮಕ್ಕಳಿಗಾಗಿ ಒಂದು ಪಟ್ಟಿ ಮಾಡುತ್ತಿದ್ದೇನೆ. ಅಚ್ಚಿಗೆ ಕೊಟ್ಟಾಗ ಚುಕ್ಕೆ ಇದ್ದಲ್ಲೆಲ್ಲ ಖಾಲಿ ಡಬ್ಬಿ ಬಂದವು. ಡಿಟಿಪಿ ಹುಡುಗನಿಗೆ ಫೋನಿನಲ್ಲಿ ಹೇಳಬೇಕಂದರೆ ಈ ಅಕ್ಷರಕ್ಕೆ ಒಂದು ಹೆಸರೇ ಇಲ್ಲ. "ಎಲ್, ಅದರ ಕೆಳಗ ಚುಕ್ಕಿ, ಗೆರಿ ಅಲ್ಲ, ಚುಕ್ಕಿ" ಅಂತ ಪ್ರತಿ ಸಲ ಹೇಳಿದೆ. ನುಕ್ತಾ ಅನ್ನಬಹುದಿತ್ತು, ಆದರೆ ಅದನ್ನು ನಾವು ಜ಼, ಫ಼ ಬರೆಯುವಾಗ ಇಡುವ ಗುರುತಿಗೆ ಹೇಳುತ್ತೇವೆ. 'ಅಡಿಚುಕ್ಕೆ ಎಲ್', 'ಅಡಿಗೆರೆ ಎಲ್' ಅಂದರೆ ಹೇಗೆ? ಕೇಳಿದ ಕೂಡಲೇ ಕೈ ಬರೆಯುವಂತಿದೆ ಅನಿಸಿತು. ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದ ಹಿರಿಯರು, ಶಾಸನ ಓದುವವರು ಇದಕ್ಕೆ ಮೊದಲಿಂದ ಏನಾದರೂ ಹೇಳುತ್ತಿದ್ದರೆ ದಯವಿಟ್ಟು ತಿಳಿಸಿ. ಬಳಕೆಯಲ್ಲಿರುವ ಪದ ಸಿಕ್ಕರೆ ನನ್ನ ಪದ ಬಿಟ್ಟು ಅದನ್ನೇ ಪಟ್ಟಿಯಲ್ಲಿ ಹಾಕುತ್ತೇನೆ.